ಅರಳಿಕಟ್ಟೆಯವರು ನಿಮ್ಮನ್ನು ಅಣಕಿಸುತ್ತಿಲ್ಲ

ಮಹಾರಾಷ್ಟ್ರದ ಆಟಪಾಡಿ ಕಡೆಯ ಹಳ್ಳಿಗೆ ವರ್ಗವಾಗಿದೆ, ಕಟ್ಟೆಯ ಮೇಲೆ ಕುಳಿತವರು ಏನು ಕೇಳಿದರೂ ಉಲ್ಟಾ ಉತ್ತರ ಕೊಟ್ಟು ಚುಡಾಯಿಸುತ್ತಾರೆ, ನಾನೂ ತಿರುಗೇಟು ಕೊಡಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. 2013ರ ಬೇಸಿಗೆಯಲ್ಲಿ ನಾನು ಅದೇ ಸೀಮೆಯಲ್ಲಿದ್ದೆ.

ಆಟಪಾಡಿ ಇರುವ ಮಾಣದೇಶ ಸಹ್ಯಾದ್ರಿಯ ಮಳೆನೆರಳಿನ ನೆಲ. ಆ ವರ್ಷವಂತೂ ಭೀಕರ ಬರ. ಯಾವ ವಸ್ತಿಗೆ, ಅಂದರೆ ಯಾವ ಸಣ್ಣ ಜನವಸತಿಗೆ, ಟ್ಯಾಂಕರ್ ನೀರು ಬೇಕು ಎಂದು ಒಂದು ಸೇವಾಸಂಸ್ಥೆಗೆ ಪಟ್ಟಿ ಮಾಡಿಕೊಡುವುದು ನನ್ನ ಕೆಲಸ. ಒಂದು ವಸ್ತಿಯ ಕಟ್ಟೆಯಲ್ಲಿ ಮುದುಕರೊಬ್ಬರನ್ನು ಕೇಳಿದೆ: "ಆಬಾ, ಬಾವಿಯಲ್ಲಿ ನೀರಿದೆಯೇ?"

"ಬಕ್ಕಳ ಪಾನೀ ಹಾಯ್, ಪಾವ್ಹಣಂ," ಎಂದರು. ಬೇಕಾದಷ್ಟು ನೀರಿದೆ, ನೆಂಟರೇ. "ಸ್ನಾನ ಮಾಡಿಕೊಂಡೇ ಹೋಗಿ."

ಅದನ್ನು ಆತಿಥ್ಯವೆಂದುಕೊಂಡೆ. ಪುಸ್ತಕದಲ್ಲಿ "ನೀರಿದೆ" ಎಂದು ಬರೆದುಕೊಂಡೆ. ಇಲ್ಲಿ ನಡೆದ ತಪ್ಪನ್ನು ಬಿಡಿಸಿ ಹೇಳಲೇಬೇಕು. ನನಗೆ ಮರಾಠಿ ಬರುತ್ತಿತ್ತು, ಭಾಷೆಯ ತೊಡಕೇನೂ ಇರಲಿಲ್ಲ. ಚೇಷ್ಟೆಯ ಮಾತಾದರೆ ಕೊನೆಗೆ ಒಂದು ನಗು ಬರುತ್ತದೆ ಎಂದು ಕಾದೆ. ಆಬಾ ನಗಲಿಲ್ಲ. ಪಕ್ಕದಲ್ಲಿದ್ದ ಇಬ್ಬರು ತಲೆ ತಗ್ಗಿಸಿ ನೆಲ ನೋಡಿದರು. ಅದು ನನ್ನ ಕಣ್ಣಿಗೆ ಬಿತ್ತು, ಆದರೂ ಏಕೆಂದು ಕೇಳಲಿಲ್ಲ. ಬಾವಿ ಇದ್ದದ್ದು ಐವತ್ತು ಹೆಜ್ಜೆ ಹಿಂದೆ. ಕತ್ತಲಾಗುವುದರೊಳಗೆ ಇನ್ನೂ ನಾಲ್ಕು ವಸ್ತಿ ಮುಗಿಸಬೇಕಿತ್ತು. ಆ ಐವತ್ತು ಹೆಜ್ಜೆ ನಡೆಯಲಿಲ್ಲ. ಬಗ್ಗಿ ನೋಡಿದ್ದರೆ ತಳದ ಕಲ್ಲು ಕಾಣುತ್ತಿತ್ತು.

ಮೊದಲ ಸುತ್ತಿನ ಟ್ಯಾಂಕರ್ ಆ ವಸ್ತಿಗೆ ಹೋಗಲಿಲ್ಲ. ಒಂಬತ್ತು ದಿನ ಅಲ್ಲಿನ ಹೆಂಗಸರು ದೂರದ ಊರಿನಿಂದ ಕೊಡ ಹೊತ್ತರು.

ಈ ಸೀಮೆಯಲ್ಲಿ ನಗೆಯೊಳಗೆ ಬೇರೆ ಮಾತು ಅಡಗಿಸುವುದು ಹಳೆಯ ರೂಢಿ. ಪೈಠಣದ ಸಂತಕವಿ ಏಕನಾಥರು 16ನೆಯ ಶತಮಾನದಲ್ಲೇ ಭಾರೂಡ ಎಂಬ ಒಳಾರ್ಥದ ಹಾಡುಗಳನ್ನು ಕಟ್ಟಿದರು. ಒಂದು ಭಾರೂಡದಲ್ಲಿ ಹಾಡುವವರು ಚೇಳು ಕುಟುಕಿತೆಂದು ಗೋಳಾಡುತ್ತಾ ಕುಣಿಯುವುದನ್ನು ನೋಡಿ ಜನ ನಗುತ್ತಾರೆ. ಆ ಚೇಳು ಕಾಮಕ್ರೋಧ ಎಂಬುದು ನಗುವವರಿಗೆಲ್ಲ ಗೊತ್ತು. ತಮಾಶಾ ಎಂಬ ಮರಾಠಿ ಜನಪದ ಆಟದ ನಾಟಕಭಾಗವಾದ ವಗದಲ್ಲಿ ಸೋಂಗಾಡ್ಯಾ, ಅಂದರೆ ವಿದೂಷಕ, ರಾಜನ ಎದುರಿಗೇ ನಿಂತು, ಊರು ಹೇಳಲಾಗದ್ದನ್ನು ನಗೆಯಲ್ಲಿ ಹೇಳುತ್ತಾನೆ. ಇದನ್ನು ನೋಡುತ್ತಲೇ ಬೆಳೆದವರು ಮಾತಿನ ಕೊನೆಗೆ ಕಣ್ಣು ಮಿಟುಕಿಸುವುದಿಲ್ಲ. ನೀರಿಲ್ಲ, ಕೊಡಿ ಎಂದು ಅಪರಿಚಿತನ ಮುಂದೆ ಕೈಯೊಡ್ಡಲು ಆಬಾಗೆ ಮನಸ್ಸಿರಲಿಲ್ಲ. ಆದ್ದರಿಂದಲೇ ನನ್ನನ್ನು ಸ್ನಾನಕ್ಕೆ ಕರೆದರು.

ಹೀಗಾಗಿ ತಿರುಗೇಟೋ ಮೌನವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬೆಳೆ ಚೆನ್ನಾಗಿದೆ ಎಂದರೆ ಎದ್ದು ಹೊಲಕ್ಕೆ ಹೋಗಿ. ರಸ್ತೆ ಬೆಣ್ಣೆಯಂತಿದೆ ಎಂದರೆ ಅದರಲ್ಲೇ ನಡೆಯಿರಿ. ಜಾತ್ರೆಗೆ ತಮಾಶಾ ಬಂದರೆ ರಾತ್ರಿಯಿಡೀ ಅವರೊಂದಿಗೆ ಕುಳಿತು ನೋಡಿ, ಯಾವ ಮಾತಿಗೆ ಯಾರು ನಗುತ್ತಾರೆ ಎಂದು ಗಮನಿಸಿ. ನಿಮ್ಮ ಜಾಣತನದ ಮಾತು ಆರು ತಿಂಗಳು ನಿಮ್ಮಲ್ಲೇ ಇರಲಿ.

ಟ್ಯಾಂಕರ್ ಬಂದ ದಿನ ನಾನೂ ಆ ವಸ್ತಿಗೆ ಹೋದೆ. ಆಬಾ ತಂಬಿಗೆಯಲ್ಲಿ ನೀರು ತಂದು ಕೊಟ್ಟು, "ಕುಡಿಯಿರಿ, ಸಾಹೇಬರೇ" ಎಂದರು. ಇನ್ನೂ ಎರಡು ತಿಂಗಳು ಆ ಸೀಮೆಯಲ್ಲಿದ್ದೆ. ಅವರು ನನ್ನನ್ನು ಮತ್ತೆ ಪಾವ್ಹಣಂ ಎಂದು ಕರೆಯಲಿಲ್ಲ.