ಮೆಟ್ರೋ ಬೋಗಿ ಕೋಲ್ಕತ್ತಾಗೆ ಹಳಿ ಮೇಲೆ, ಬೆಂಗಳೂರಿಗೆ ಟ್ರೈಲರ್ ಮೇಲೆ, ಯಾಕೆ ಹೀಗೆ?

ಪ್ರಶ್ನೆ: ಸರ್ ನಮಸ್ಕಾರ. ಊರು ತುಮಕೂರು, ಕೆಲ್ಸ ಕೋಲ್ಕತ್ತಾದಲ್ಲಿ. ಬೆಂಗಳೂರಲ್ಲಿ ಹೊಸ ಮೆಟ್ರೋ ಬೋಗಿ ಬರುತ್ತೆ ಅಂದ್ರೆ ರಾತ್ರಿ ಹೊತ್ತು ಉದ್ದದ ಟ್ರೈಲರ್ ಮೇಲೆ, ರಸ್ತೆಯಲ್ಲೇ. ಇಲ್ಲಿ ನಮ್ಮ ಆಫೀಸ್‌ನವರು ಹೇಳೋದು, ಹೊಸ ರೇಕ್‌ನ, ಅಂದ್ರೆ ಬೋಗಿಗಳನ್ನ ಜೋಡಿಸಿದ ಇಡೀ ಗಾಡಿನ, ಮಾಮೂಲಿ ರೈಲ್ವೆ ಹಳಿ ಮೇಲೇ ಇಂಜಿನ್ ಹಾಕಿ ಎಳ್ಕೊಂಡು ನೋಯಾಪಾರ ಶೆಡ್‌ಗೆ ತರ್ತಾರಂತೆ. ಸುರಂಗದಲ್ಲಿ ಓಡೋ ಗಾಡಿ ಹೊರಗಿನ ಹಳಿ ಮೇಲೆ ಹೇಗೆ ಓಡುತ್ತೆ? ಓಡೋದೇ ಆದ್ರೆ ಬೆಂಗಳೂರಿಗೂ ಹಾಗೇ ತರಬಹುದಲ್ವಾ?

ಉತ್ತರ: ನಿಮ್ಮ ಆಫೀಸ್‌ನವರು ಹೇಳಿದ್ದು ನಿಜ. ಎಲ್ಲಾ ಇರೋದು ಹಳಿಯ ಅಗಲದಲ್ಲಿ. ಕೋಲ್ಕತ್ತಾದ ಹಳೇ ಲೈನು, ಅಂದ್ರೆ ಈಗಿನ ಬ್ಲೂ ಲೈನು, 1984ರ ಅಕ್ಟೋಬರ್ 24ಕ್ಕೆ ಶುರುವಾಗಿದ್ದು, ದೇಶದ ಮೊದಲನೇ ಮೆಟ್ರೋ. ಅದನ್ನ ಕಟ್ಟಿಸಿದ್ದು ರೈಲ್ವೆಯವರೇ, ಇವತ್ತಿಗೂ ನಡೆಸ್ತಿರೋದು ಅವರೇ, ಹಾಗಾಗಿ ಅವರಿಗೆ ಗೊತ್ತಿದ್ದ ಬ್ರಾಡ್ ಗೇಜನ್ನೇ, ಅಂದ್ರೆ 1676 ಮಿ.ಮೀ. ಅಗಲದ ಹಳಿಯನ್ನೇ ಸುರಂಗದೊಳಗೂ ಹಾಕಿದ್ರು. ನಿಮ್ಮೂರ ತುಮಕೂರು ಸ್ಟೇಷನ್‌ನಲ್ಲಿರೋ ಹಳಿ ಎಷ್ಟು ಅಗಲವೋ ಅದೂ ಅಷ್ಟೇ. ಚೆನ್ನೈನ ಪೆರಂಬೂರಲ್ಲಿ ಐಸಿಎಫ್‌ನವರು, ಅಂದ್ರೆ ರೈಲ್ವೆಯದೇ ಬೋಗಿ ಫ್ಯಾಕ್ಟರಿಯವರು, ಮಾಡಿದ ರೇಕು ಫ್ಯಾಕ್ಟರಿ ಗೇಟಿಂದ ಹೊರಟು ಸುಮಾರು 1,660 ಕಿ.ಮೀ. ಹಳಿ ಬಿಟ್ಟು ಕೆಳಗಿಳಿಯದೆ ಕೋಲ್ಕತ್ತಾ ಸೇರಬಹುದು. ಅಂದಹಾಗೆ ಆ ಲೈನಿನ ಮೊದಲ ರೇಕ್‌ಗಳ ಎಲೆಕ್ಟ್ರಿಕ್ ಸಾಮಾನು ಮಾಡಿದ್ದು ಯಾರು ಗೊತ್ತಾ, ನಮ್ಮ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಂಪನಿ!

ಆದ್ರೆ ಓಡುತ್ತೆ ಅಂದ್ನಲ್ಲ, ಸ್ವಂತ ಶಕ್ತಿಯಿಂದ ಓಡಲ್ಲ. ಮೆಟ್ರೋಗೆ ಕರೆಂಟ್ ಬರೋದು ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ. ಹೊರಗೆ ರೈಲ್ವೆಯದ್ದು ತಲೆ ಮೇಲಿನ ತಂತಿ, 25,000 ವೋಲ್ಟ್ ಎಸಿ. ಹಾಗಾಗಿ ಇಡೀ ರೇಕು ದಾರಿಯುದ್ದಕ್ಕೂ ಸತ್ತ ಗಾಡಿ, ನಮ್ಮ ಭಾಷೆಯಲ್ಲಿ ‘ಡೆಡ್’, ಮುಂದೆ ಒಂದು ಲೋಕೋ, ಅಂದ್ರೆ ರೈಲು ಇಂಜಿನ್, ಹಾಕಿ ಎಳೀಬೇಕು ಅಷ್ಟೇ. ಇಲ್ಲೇ ತಲೆನೋವು ಶುರು. ಮೆಟ್ರೋದ ಕಪ್ಲರ್ರೇ, ಅಂದ್ರೆ ಗಾಡಿಗೆ ಗಾಡಿ ಜೋಡಿಸೋ ಕೊಂಡಿಯೇ, ಬೇರೆ, ಲೋಕೋದ ಕಪ್ಲರ್ರೇ ಬೇರೆ, ಒಂದಕ್ಕೊಂದು ಕೈ ಕೊಡಲ್ಲ, ಅದಕ್ಕೆ ನಡುವೆ ಅಡಾಪ್ಟರ್ ಬೇಕು, ಇಲ್ಲಾ ಒಂದು ತುದಿ ಇದಕ್ಕೆ ಇನ್ನೊಂದು ತುದಿ ಅದಕ್ಕೆ ಹೊಂದೋ ಹಾಗೆ ರೆಡಿ ಮಾಡಿದ ವ್ಯಾಗನ್ ಬೇಕು. ಬ್ರೇಕ್ ಪೈಪಿಂದೂ ಇದೇ ಕಥೆ, ಲೋಕೋ ಡ್ರೈವರ್ ಬ್ರೇಕ್ ಹಾಕಿದ್ರೆ ಹಿಂದಿನ ಬೋಗಿಗಳೂ ಹಿಡೀಬೇಕಲ್ವಾ. ಮೂರನೇ ಹಳಿಗೆ ತಾಗಿ ಕರೆಂಟ್ ತಗೊಳ್ಳೋ ಭಾಗ, ಅದಕ್ಕೆ ಶೂ ಅಂತಾರೆ, ಪಕ್ಕಕ್ಕೆ ಚಾಚ್ಕೊಂಡಿರುತ್ತೆ, ದಾರೀಲಿ ಯಾವುದಾದ್ರೂ ಪ್ಲಾಟ್‌ಫಾರ್ಮ್ ಅಂಚಿಗೋ ಸಿಗ್ನಲ್ ಸಾಮಾನಿಗೋ ಬಡಿಯೋ ಭಯ ಇದ್ರೆ ಮೊದಲೇ ಬಿಚ್ಚಿಡ್ತಾರೆ. ಇಷ್ಟೆಲ್ಲಾ ಮಾಡಿದ್ಮೇಲೂ ಸ್ಪೀಡ್ ಕಮ್ಮಿನೇ, ಬೇರೆ ಗಾಡಿಗಳಿಗೆ ದಾರಿ ಬಿಟ್ಟು ಬಿಟ್ಟು ಹೋಗ್ಬೇಕು. ಅವಸರ ಮಾಡೋ ಕೆಲಸ ಅಲ್ಲ ಇದು.

2019ರ ಮಾರ್ಚಲ್ಲಿ ಚೀನಾದ ಡಾಲಿಯನ್‌ನಿಂದ ಒಂದು ರೇಕ್ ಹಡಗಲ್ಲಿ ಕೋಲ್ಕತ್ತಾ ಬಂದರಿಗೆ ಬಂತು. ಅದೂ ಬ್ರಾಡ್ ಗೇಜೇ, ಹಾಗಾಗಿ ಬಂದರಿಂದ ಹಳಿ ಮೇಲೇ ಎಳ್ಕೊಂಡು ನೋಯಾಪಾರ ಕಾರ್ ಶೆಡ್‌ಗೆ ಹೋದ್ರು. ಬಂದಿದ್ದೇನೋ ಬಂತು, ಪ್ರಯಾಣಿಕರನ್ನ ಹತ್ತಿಸ್ಕೊಂಡಿದ್ದು ಮಾತ್ರ 2023ರ ಮಾರ್ಚಲ್ಲಿ, ಟ್ರಯಲ್ಲು ಪರ್ಮಿಷನ್ನು ಅಂತ 4 ವರ್ಷ ಹಿಡೀತು.

ಈಗ ಬೆಂಗಳೂರಿಗೆ ಬರೋಣ. ನಮ್ಮ ಮೆಟ್ರೋ ಸ್ಟ್ಯಾಂಡರ್ಡ್ ಗೇಜು, 1435 ಮಿ.ಮೀ. ರೈಲ್ವೆ ಹಳಿಗಿಂತ 241 ಮಿ.ಮೀ. ಕಮ್ಮಿ, ಹತ್ತತ್ರ ಒಂದು ಗೇಣು. ಆ ಗಾಲಿನ ರೈಲ್ವೆ ಹಳಿ ಮೇಲೆ ಇಟ್ರೆ ನೇರ ನಡುವೆ ಬೀಳುತ್ತೆ. ವ್ಯಾಗನ್ ಮೇಲೆ ಹೊತ್ಕೊಂಡು ತರಬಹುದಲ್ಲ ಅಂತ ಕೇಳ್ತೀರಿ, ತರಬಹುದು, ಆದ್ರೆ ವ್ಯಾಗನ್ ಎತ್ತರದ ಮೇಲೆ ಬೋಗಿ ಎತ್ತರ ಸೇರಿದ್ರೆ ಸೇತುವೆ, ತಂತಿ ಎಲ್ಲಾ ಲೆಕ್ಕ ಹಾಕ್ಬೇಕು, ಕೊನೆಗೆ ಗೂಡ್ಸ್ ಯಾರ್ಡಲ್ಲಿ ಇಳಿಸಿ ಡಿಪೋಗೆ ಹೇಗೂ ಟ್ರೈಲರ್ ಬೇಕೇ ಬೇಕು. ಎರಡೆರಡು ಸಲ ಕ್ರೇನ್ ಹಚ್ಚೋ ಬದ್ಲು ಮೊದ್ಲಿಂದ್ಲೇ ರಸ್ತೆ ಅಂತಾರೆ. ಹಳದಿ ಲೈನಿನ ಮೊದಲ ಗಾಡಿ 2024ರ ಫೆಬ್ರವರಿಯಲ್ಲಿ ಚೀನಾದಿಂದ ಚೆನ್ನೈ ಬಂದರಿಗೆ ಬಂದು ಅಲ್ಲಿಂದ ಟ್ರೈಲರ್‌ಗಳಲ್ಲಿ ಹೆಬ್ಬಗೋಡಿ ಡಿಪೋ ಸೇರಿದ್ದು ಹೀಗೇ.

ನಿಮ್ಮ ಕೋಲ್ಕತ್ತಾದಲ್ಲೇ ಇದರ ಇನ್ನೊಂದು ಮುಖ ಇದೆ. ಹೂಗ್ಲಿ ನದಿ ಕೆಳಗೆ ಹೋಗೋ ಗ್ರೀನ್ ಲೈನ್ ಸ್ಟ್ಯಾಂಡರ್ಡ್ ಗೇಜು. ಅದರ ಬೋಗಿ ಮಾಡಿದ್ದು ಬೆಂಗಳೂರಿನ ಬೆಮೆಲ್, ಅವು ಅಷ್ಟು ದೂರ ರಸ್ತೆಯಲ್ಲೇ ಬಂದು ಸಾಲ್ಟ್ ಲೇಕ್ ಡಿಪೋ ಸೇರಿದ್ವು. ಒಂದೇ ಊರು, ಒಂದು ಲೈನಿಗೆ ಹಳಿ ಮೇಲೆ, ಇನ್ನೊಂದಕ್ಕೆ ಲಾರಿ ಮೇಲೆ.

ಗೇಜ್ ಒಂದೇ ಆದ್ರೆ ಸಾಕು ಅಂತಾನೂ ಅಲ್ಲ. ಲಂಡನ್‌ನಲ್ಲಿ ಎಲ್ಲಾ ಕಡೆ ಹಳಿ ಅಗಲ ಒಂದೇ. ಡರ್ಬಿ ಊರಲ್ಲಿ ತಯಾರಾದ ಮೆಟ್ರೋಪಾಲಿಟನ್ ಲೈನಿನ ಗಾಡಿಗಳನ್ನ ಹಳೇ ಡೀಸೆಲ್ ಲೋಕೋ ಹಾಕಿ ರೈಲ್ವೆ ಹಳಿ ಮೇಲೇ ಎಳ್ಕೊಂಡು ಒಳಗೆ ತಂದ್ರು. ವಿಕ್ಟೋರಿಯಾ ಲೈನಿನ 2009ರ ಮಾಡೆಲ್ ಬೋಗಿ ಮಾತ್ರ ಹಳೇದಕ್ಕಿಂತ ಬರೀ 40 ಮಿ.ಮೀ. ಅಗಲ, ಅಷ್ಟಕ್ಕೇ ಒಳಗೆ ತರೋಕೆ ದಾಟಬೇಕಾದ ಪಕ್ಕದ ಲೈನಿನ ಸುರಂಗದಲ್ಲಿ ಹಿಡಿಸಲ್ಲ, ಅವಕ್ಕೂ ಲಾರಿನೇ ಗತಿ.

ಹಳಿ ಮೇಲೆ ಬರೋ ಹೊಸ ಗಾಡಿನ ಬೆಂಗಳೂರಲ್ಲೇ ನೋಡೋ ಆಸೆ ಇದ್ರೆ ಸಬರ್ಬನ್ ರೈಲು ಬರೋ ತನಕ ಕಾಯಿರಿ, ಅದು ಬ್ರಾಡ್ ಗೇಜು.