ಯುರೋಪ್ ಒಕ್ಕೂಟದ ಹಳೆಯ ಕರಡುಗಳು

ಪ್ರಶ್ನೆ: ಯುರೋಪಿನ ದೇಶಗಳು ಒಂದಾಗಬೇಕೆಂಬ ವಿಚಾರ ಎರಡನೆಯ ಮಹಾಯುದ್ಧದ ನಂತರ ಹುಟ್ಟಿತೆಂದು ತರಗತಿಯಲ್ಲಿ ಕೇಳಿದ್ದೇನೆ. ಅದಕ್ಕೂ ಮೊದಲು ಯಾರೂ ಹೀಗೆ ಯೋಚಿಸಿರಲಿಲ್ಲವೇ?
– ಪದವಿ ವಿದ್ಯಾರ್ಥಿನಿ, ಹರಿಹರ, ದಾವಣಗೆರೆ ಜಿಲ್ಲೆ

ಉತ್ತರ: ಯೋಚಿಸಿದ್ದರು, ಅದೂ ಸುಮಾರು ಐದು ಶತಮಾನಗಳಷ್ಟು ಹಿಂದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ ಬಳಿಕ, ಇಂದಿನ ಚೆಕ್ ನಾಡಿನಲ್ಲಿದ್ದ ಬೊಹೀಮಿಯದ ದೊರೆ ಪೊಡೆಬ್ರಾಡಿಯ ಜಾರ್ಜ್ ಒಂದು ಒಪ್ಪಂದದ ಕರಡನ್ನು ಸಿದ್ಧಪಡಿಸಿದನು. ಅದರಲ್ಲಿ ಸೇರಿದ ರಾಜರು ತಮ್ಮತಮ್ಮಲ್ಲಿ ಯುದ್ಧ ಮಾಡುವಂತಿರಲಿಲ್ಲ. ವ್ಯಾಜ್ಯಗಳಿಗೆ ಎಲ್ಲರಿಗೂ ಸೇರಿದ ನ್ಯಾಯಾಲಯವಿರಬೇಕಿತ್ತು. ಬಾಸೆಲ್ ನಗರದಲ್ಲಿ ಮೊದಲು ಕೂಡುವ ಸಭೆಯು ಐದು ವರ್ಷಗಳ ಬಳಿಕ ಮತ್ತೊಂದು ನಾಡಿನ ನಗರಕ್ಕೆ ಹೋಗಬೇಕಿತ್ತು. 1464ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ಹನ್ನೊಂದನೆಯ ಲೂಯಿಯನ್ನು ಕಂಡರಾದರೂ, ಬರಿಯ ಸ್ನೇಹದ ಒಪ್ಪಂದವೊಂದನ್ನು ಪಡೆದು ಮರಳಿದರು.

ನನಗೆ ಇದಕ್ಕಿಂತ ಉದಾರವಾಗಿ ಕಾಣುವುದು 1693ರಲ್ಲಿ ಇಂಗ್ಲೆಂಡಿನ ವಿಲಿಯಂ ಪೆನ್ ಬರೆದ ಯೋಜನೆ. ಜಾರ್ಜ್ ತುರ್ಕರನ್ನು ಎದುರಿಸಲೆಂದು ರಾಜರನ್ನು ಕೂಡಿಸಹೊರಟರೆ, ಪೆನ್ ತುರ್ಕರನ್ನೂ ರಷ್ಯನ್ನರನ್ನೂ ಸಭೆಯೊಳಗೆ ಸೇರಿಸಿಕೊಳ್ಳುವುದೇ ನ್ಯಾಯವೆಂದನು. ಜರ್ಮನಿಗೆ 12, ಫ್ರಾನ್ಸಿಗೆ 10, ಇಂಗ್ಲೆಂಡಿಗೆ 6 ಎಂಬಂತೆ ಮತಗಳನ್ನು ಹಂಚಿದ ಅವನು, ಯಾರು ಮೊದಲು ಒಳಗೆ ಬರಬೇಕೆಂಬ ಜಗಳವೇ ಏಳದಂತೆ ಸಭಾಂಗಣವು ದುಂಡಗಿದ್ದು ಹಲವು ಬಾಗಿಲುಗಳನ್ನು ಹೊಂದಿರಲಿ ಎಂದೂ ಸೂಚಿಸಿದನು. ರಾಜರ ಪ್ರತಿಷ್ಠೆಯನ್ನು ಬಲ್ಲವನಿಗೆ ಮಾತ್ರ ಹೊಳೆಯುವ ಉಪಾಯವಿದು. ಮುಂದೆ 1713ರಲ್ಲಿ ಫ್ರಾನ್ಸಿನ ಪಾದ್ರಿ ಸೇಂಟ್ ಪಿಯೆರ್, 1795ರಲ್ಲಿ ಜರ್ಮನ್ ತತ್ವಜ್ಞಾನಿ ಕಾಂಟ್ ಶಾಶ್ವತ ಶಾಂತಿಯ ಕುರಿತು ಬರೆದರು. 1849ರ ಪ್ಯಾರಿಸ್ ಶಾಂತಿ ಸಮಾವೇಶದಲ್ಲಿ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ 'ಯುರೋಪಿನ ಸಂಯುಕ್ತ ಸಂಸ್ಥಾನ' ಎಂಬ ಮಾತನ್ನೇ ಆಡಿದನು.

ಇವು ಕೈಗೂಡದಿರಲು ಮುಖ್ಯ ಕಾರಣ, ತನ್ನ ಅಧಿಕಾರದ ಒಂದು ಪಾಲನ್ನಾದರೂ ಬಿಟ್ಟುಕೊಡಲು ಯಾವ ಅರಸನೂ ಒಪ್ಪದಿದ್ದುದು ಎಂದು ನನ್ನ ಅಭಿಪ್ರಾಯ. 1956ಕ್ಕೆ ಮೊದಲು ನಿಮ್ಮ ಹರಿಹರ ಮೈಸೂರಿನಲ್ಲಿತ್ತು, ಹೊಳೆಯಾಚೆಯ ರಾಣೆಬೆನ್ನೂರು ಮುಂಬಯಿ ರಾಜ್ಯದಲ್ಲಿತ್ತು. ಆ ಎರಡು ದಡಗಳನ್ನು ಬೆಸೆಯಲು ಕನ್ನಡವಿತ್ತು. ಯುರೋಪಿಗೆ ಅಂಥ ಒಂದೇ ನುಡಿಯಿರಲಿಲ್ಲ. ಹಾಗಾಗಿ 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್, ಯುದ್ಧದ ಆಯುಧಗಳಿಗೆ ಮೂಲವಾದ ಕಲ್ಲಿದ್ದಲು ಮತ್ತು ಉಕ್ಕಿನಿಂದಲೇ ಆರಂಭಿಸಲು ಕರೆಕೊಟ್ಟರು. ಮರುವರ್ಷ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ದೇಶಗಳು ಅವೆರಡನ್ನೂ ತಮ್ಮ ಸರ್ಕಾರಗಳಿಗಿಂತ ಮೇಲಿನ ಒಂದು ಪ್ರಾಧಿಕಾರಕ್ಕೆ ಒಪ್ಪಿಸಿ ಸಹಿ ಹಾಕಿದವು.