ಹವಾಮಾನ ಆ್ಯಪ್ ತೋರಿಸುವ ಗಾಳಿ ನಾವು ನಿಂತ ದಡದಲ್ಲಿ ಯಾಕೆ ಇರುವುದಿಲ್ಲ? ಸರಿಪಡಿಸುವುದು ಹೇಗೆ?

ಆ್ಯಪ್ ಹೇಳುವುದು ನಿಮ್ಮ ದಡದ ಗಾಳಿಯಲ್ಲ, ಸುತ್ತಲಿನ ಹಲವು ಕಿಲೋಮೀಟರ್‌ಗಳ ಸರಾಸರಿ. ಹಲವು ಉಚಿತ ಆ್ಯಪ್‌ಗಳು ಬಳಸುವ ಅಮೆರಿಕದ ಜಿಎಫ್‌ಎಸ್ ಎಂಬ ಹವಾಮಾನ ಲೆಕ್ಕದ ಕಂಪ್ಯೂಟರ್ ಮಾದರಿ ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು ಲೆಕ್ಕ ಹಾಕುತ್ತದೆ; ಅದರ ಒಂದು ಚೌಕದ ಬದಿಯೇ ಸುಮಾರು 13 ಕಿ.ಮೀ. ಅದರೊಳಗೆ ಅರ್ಧ ಕಡಲು, ಅರ್ಧ ನೆಲ, ಮಧ್ಯೆ ಒಂದು ಸಣ್ಣ ಗುಡ್ಡ ಇದ್ದರೆ ಮಾದರಿಗೆ ಆ ಗುಡ್ಡ ಕಾಣುವುದೇ ಇಲ್ಲ. ಮಧ್ಯಾಹ್ನದ ಕಡಲಗಾಳಿಯೂ ಹಾಗೇ: ನೆಲ ಬೇಗ ಕಾದು, ಅದರ ಮೇಲಿನ ಗಾಳಿ ಏರಿ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದಲ್ವಾ, ಅದು ಶುರುವಾಗುವುದು ದಡದ ಅಂಚಿನಲ್ಲಿ, ದೊಡ್ಡ ಚೌಕದಲ್ಲಿ ಕಲಸಿಹೋಗುತ್ತದೆ.

ಅಲೆಯದೂ ಇದೇ ಕಥೆ. ಆಳ ನೀರಿನ ಅಲೆ ದಡದ ಹತ್ತಿರ ತಳ ತಾಗಿ ಬಾಗುತ್ತದೆ, ಎತ್ತರ ಬದಲಾಗುತ್ತದೆ.

1ರಿಂದ 3 ಕಿ.ಮೀ. ಚೌಕದ ಮಾದರಿ ಸಿಕ್ಕರೆ ಅದನ್ನೇ ನೋಡಿ. ಆದರೆ ನನ್ನ ಪ್ರಕಾರ ಅದಕ್ಕಿಂತ ಜಾಸ್ತಿ ಉಪಯೋಗ ಒಂದು ನೋಟ್‌ಬುಕ್‌ನಿಂದ. ಆ್ಯಪ್ ಹೇಳಿದ್ದು, ಕೈಯಲ್ಲಿ ಹಿಡಿಯುವ ಗಾಳಿಮಾಪಕ ತೋರಿಸಿದ್ದು, ಎರಡನ್ನೂ ಗಾಳಿಯ ದಿಕ್ಕಿನ ಜೊತೆ ಬರೆದಿಡಿ. ನೈಋತ್ಯ ಗಾಳಿ ಬಂದಾಗಲೆಲ್ಲ ಆ್ಯಪ್ 4 ನಾಟ್ (ಗಂಟೆಗೆ ಸುಮಾರು 7 ಕಿ.ಮೀ.) ಕಡಿಮೆ ಹೇಳುತ್ತಿದ್ದರೆ ಸುಮ್ನೆ 4 ಕೂಡಿಸಿಕೊಳ್ಳಿ.